ಓದುಗರ ಪ್ರಶ್ನೆಗಳಿಗೆ ಉತ್ತರ: ಕೊಳೆಗೇರಿಯ ಬದುಕು, ನೆಲದ ಹಕ್ಕು, ಚರಂಡಿಯ ಲೆಕ್ಕ

ಜಗತ್ತಿನ ಮಹಾನಗರಗಳ ಕೊಳೆಗೇರಿಗಳನ್ನು ಕುರಿತು ಹಿಂದಿನ ಸಂಚಿಕೆಯಲ್ಲಿ ಪ್ರಕಟವಾದ ಲೇಖನಕ್ಕೆ ಬಂದ ಪತ್ರಗಳಲ್ಲಿ ಕೆಲವು ಪ್ರಶ್ನೆಗಳು ಬೇರೆ ಬೇರೆ ಮಾತುಗಳಲ್ಲಿ ಮತ್ತೆ ಮತ್ತೆ ಎದುರಾದವು. ಅವುಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಲಾಗಿದೆ. ಪತ್ರ ಬರೆದವರ ಹೆಸರುಗಳನ್ನು ಕೈಬಿಟ್ಟು, ಪ್ರಶ್ನೆಯ ಸಾರವನ್ನಷ್ಟೇ ಉಳಿಸಿಕೊಂಡಿದ್ದೇವೆ.

ಪ್ರಶ್ನೆ: ಯಾವುದನ್ನು ಕೊಳೆಗೇರಿ ಎಂದು ಗುರುತಿಸುತ್ತಾರೆ? ಅಲ್ಲಿ ಒಟ್ಟು ಎಷ್ಟು ಮಂದಿ ವಾಸಿಸುತ್ತಿದ್ದಾರೆ? ಒಂದೊಂದು ಕಡೆ ಒಂದೊಂದು ಸಂಖ್ಯೆಯನ್ನು ಓದಿ ಗೊಂದಲವಾಗಿದೆ. (ಪದವಿ ವಿದ್ಯಾರ್ಥಿನಿ)

ಉತ್ತರ: ವಿಶ್ವಸಂಸ್ಥೆಯ ವಸತಿ ಘಟಕವಾದ ಯುಎನ್-ಹ್ಯಾಬಿಟಾಟ್ ಅಳೆಯುವುದು ಬಡಾವಣೆಯನ್ನಲ್ಲ, ಕುಟುಂಬವನ್ನು. ಸುರಕ್ಷಿತ ನೀರು, ನೈರ್ಮಲ್ಯವುಳ್ಳ ಶೌಚಾಲಯ, ಗಾಳಿಮಳೆಗೆ ಜಗ್ಗದ ಗೋಡೆ ಮತ್ತು ಚಾವಣಿ, ಒಂದು ಕೋಣೆಗೆ ಮೂವರಿಗಿಂತ ಹೆಚ್ಚು ಜನ ಬೀಳದಷ್ಟು ಜಾಗ, ಯಾರೂ ಏಕಾಏಕಿ ಎಬ್ಬಿಸಿ ಕಳಿಸಲಾರರೆಂಬ ಭರವಸೆ, ಈ ಐದರಲ್ಲಿ ಯಾವುದಾದರೂ ಒಂದು ಇಲ್ಲದಿದ್ದರೂ ಆ ಕುಟುಂಬವನ್ನು ಕೊಳೆಗೇರಿಯ ಲೆಕ್ಕಕ್ಕೆ ಸೇರಿಸಲಾಗುತ್ತದೆ. ಐದನೆಯ ಅಂಶವನ್ನು ಸಮೀಕ್ಷೆಯಲ್ಲಿ ಹಿಡಿಯುವುದು ಕಷ್ಟವಾದ್ದರಿಂದ ಜಾಗತಿಕ ಅಂಕಿಅಂಶಗಳು ಬಹುಮಟ್ಟಿಗೆ ಮೊದಲ ನಾಲ್ಕನ್ನೇ ಆಧರಿಸಿವೆ. ಆದರೆ ಆ ನಾಲ್ಕರ ಕೊರತೆಗೂ ಮೂಲ ಕಾರಣ ಐದನೆಯದೇ ಎಂಬುದು ನನ್ನ ಅಭಿಪ್ರಾಯ. ಮುಂದಿನ ಉತ್ತರಗಳಲ್ಲಿ ಅದು ಸ್ಪಷ್ಟವಾಗಬಹುದು.

ವಿಶ್ವಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಸುಮಾರು 112 ಕೋಟಿ ಜನ, ಅಂದರೆ ಜಗತ್ತಿನ ನಗರವಾಸಿಗಳಲ್ಲಿ ಶೇ 24.8ರಷ್ಟು ಮಂದಿ, ಇಂಥ ಸ್ಥಿತಿಯಲ್ಲಿದ್ದರು. ಅವರಲ್ಲಿ ಬಹುಪಾಲು ಜನ ದಕ್ಷಿಣ ಏಷ್ಯಾ, ಪೂರ್ವ ಮತ್ತು ಆಗ್ನೇಯ ಏಷ್ಯಾ ಹಾಗೂ ಸಹಾರಾದ ದಕ್ಷಿಣದ ಆಫ್ರಿಕಾದವರು. ಇಲ್ಲಿ ಒಂದು ಎಚ್ಚರ ಅಗತ್ಯ. ವಿಶ್ವಸಂಸ್ಥೆ 2015ರೊಳಗೆ ಸಾಧಿಸಲೆಂದು ಹಾಕಿಕೊಂಡಿದ್ದ ಸಹಸ್ರಮಾನದ ಅಭಿವೃದ್ಧಿ ಗುರಿಗಳ ಅವಧಿಯಲ್ಲಿ, ಅಭಿವೃದ್ಧಿಶೀಲ ದೇಶಗಳ ನಗರವಾಸಿಗಳಲ್ಲಿ ಕೊಳೆಗೇರಿಯವರ ಪ್ರಮಾಣ 2000ದ ಶೇ 39.4ರಿಂದ 2014ರಲ್ಲಿ ಶೇ 29.7ಕ್ಕೆ ಇಳಿಯಿತೆಂದು ಸಂಭ್ರಮಿಸಲಾಯಿತು. ಅದೇ ಅವಧಿಯಲ್ಲಿ ಅವರ ಸಂಖ್ಯೆ 79.2 ಕೋಟಿಯಿಂದ 88 ಕೋಟಿಗೆ ಏರಿತ್ತು. ಎರಡೂ ಸುಳ್ಳಲ್ಲ. ನಗರಗಳು ಬೆಳೆದ ವೇಗದಲ್ಲಿ ಸುಧಾರಣೆ ನಡೆಯಲಿಲ್ಲ ಎಂಬುದಷ್ಟೇ ಅದರ ಅರ್ಥ.

ಸಂಖ್ಯೆಗಳು ಹೊಂದದಿರುವುದಕ್ಕೆ ಕೆನ್ಯಾದ ರಾಜಧಾನಿ ನೈರೋಬಿಯ ಕಿಬೇರಾ ಒಳ್ಳೆಯ ನಿದರ್ಶನ. ಹತ್ತು ಲಕ್ಷ ಜನರಿರುವ, ಆಫ್ರಿಕಾದ ಅತಿದೊಡ್ಡ ಕೊಳೆಗೇರಿ ಎಂದು ವರ್ಷಗಟ್ಟಲೆ ಬರೆಯಲಾಗುತ್ತಿದ್ದ ಅಲ್ಲಿ, 2009ರ ಜನಗಣತಿ ಲೆಕ್ಕ ಹಾಕಿದ್ದು ಸುಮಾರು 1,70,000 ಮಂದಿಯನ್ನು. ನೆರವು ಕೇಳುವವರಿಗೆ ದೊಡ್ಡ ಸಂಖ್ಯೆ ಅನುಕೂಲ, ಹೊಣೆ ಜಾರಿಸಿಕೊಳ್ಳುವ ಆಡಳಿತಕ್ಕೆ ಸಣ್ಣ ಸಂಖ್ಯೆ ಅನುಕೂಲ. ಮುಂಬಯಿಯಲ್ಲಿ ಇಂಥ ವಿವಾದ ಅಷ್ಟಾಗಿ ಇಲ್ಲ. 2011ರ ಜನಗಣತಿಯೇ ಅಲ್ಲಿನ ಪಾಲಿಕೆ ವ್ಯಾಪ್ತಿಯ ಶೇ 40ಕ್ಕೂ ಹೆಚ್ಚು ಜನ ಕೊಳೆಗೇರಿಗಳಲ್ಲಿದ್ದಾರೆಂದು ದಾಖಲಿಸಿದೆ. ಬ್ರೆಜಿಲ್‌ನ 2022ರ ಗಣತಿ ಫವೇಲಾ ಎಂದು ಕರೆಯುವ ಅಲ್ಲಿನ ಕೊಳೆಗೇರಿಗಳಲ್ಲಿ 1.64 ಕೋಟಿ ಜನರನ್ನು ಗುರುತಿಸಿತು. ಅದು ಆ ದೇಶದ ಜನಸಂಖ್ಯೆಯ ಶೇ 8.1.

ಪ್ರಶ್ನೆ: ಅಷ್ಟು ಕಷ್ಟವಿದ್ದರೂ ಅದೇ ಕಡೆ ಏಕೆ ಇರಬೇಕು? ನಗರದ ಹೊರವಲಯದಲ್ಲಿ ಕಡಿಮೆ ಬಾಡಿಗೆಗೆ ಒಳ್ಳೆಯ ಮನೆ ಸಿಗುವುದಿಲ್ಲವೇ? (ನಿವೃತ್ತ ಬ್ಯಾಂಕ್ ನೌಕರರು)

ಉತ್ತರ: ಸಿಗಬಹುದು, ಆದರೆ ಕೆಲಸ ಸಿಗುವುದಿಲ್ಲ. ಢಾಕಾದ ಕೊರೈಲ್ ಎಂಬ ಕೊಳೆಗೇರಿ ಇರುವುದು ಆ ನಗರದ ಶ್ರೀಮಂತ ಬಡಾವಣೆಯಾದ ಗುಲ್ಶನ್‌ನ ಕೆರೆಯಂಚಿನಲ್ಲಿ. ಬೆಳಿಗ್ಗೆ ದೋಣಿ ಹತ್ತಿ ಕೆರೆ ದಾಟಿದರೆ ಮನೆಗೆಲಸದ ಹೆಣ್ಣುಮಕ್ಕಳು, ಕಾವಲುಗಾರರು, ಚಾಲಕರು ತಮ್ಮ ತಮ್ಮ ಕೆಲಸದ ಬಾಗಿಲಲ್ಲಿರುತ್ತಾರೆ. ಇಪ್ಪತ್ತು ಕಿಲೋಮೀಟರ್ ಆಚೆ ಹೋದರೆ ದಿನದ ಸಂಬಳದಲ್ಲಿ ದೊಡ್ಡ ಪಾಲು ಬಸ್ಸಿನ ದರಕ್ಕೆ ಹೋಗುತ್ತದೆ, ಮೂರು ಮನೆಗಳ ಕೆಲಸ ಹಿಡಿಯುತ್ತಿದ್ದವರು ಒಂದನ್ನೇ ಹಿಡಿಯಬೇಕಾಗುತ್ತದೆ, ಹಸುಗೂಸನ್ನು ನೋಡಿಕೊಳ್ಳುತ್ತಿದ್ದ ನೆರೆಯವರು ಕೈತಪ್ಪುತ್ತಾರೆ. ಮುಂಬಯಿಯ ಧಾರಾವಿಯಲ್ಲಂತೂ ಮನೆಯೇ ಕಾರ್ಖಾನೆ. ಚರ್ಮದ ಕೆಲಸ, ಕುಂಬಾರಿಕೆ, ಹೊಲಿಗೆ, ಪ್ಲಾಸ್ಟಿಕ್ ಆಯ್ದು ಬೇರ್ಪಡಿಸಿ ಮರುಬಳಕೆಗೆ ಸಜ್ಜುಗೊಳಿಸುವ ಉದ್ಯೋಗಗಳೆಲ್ಲ ಕೆಳಗಿನ ಕೋಣೆಯಲ್ಲಿ ನಡೆದರೆ, ಮೇಲಿನ ಅಟ್ಟದಲ್ಲಿ ಸಂಸಾರ ನಡೆಯುತ್ತದೆ.

ಇದನ್ನು ಪರೀಕ್ಷಿಸಿ ನೋಡಿದ ಅಧ್ಯಯನವೂ ಒಂದಿದೆ. ಅಹಮದಾಬಾದಿನಲ್ಲಿ 1987ರಲ್ಲಿ, ಕೊಳೆಗೇರಿಯಲ್ಲಿದ್ದ ದುಡಿಯುವ ಮಹಿಳೆಯರಿಗೆ ಲಾಟರಿ ಎತ್ತಿ, ನಗರಕೇಂದ್ರದಿಂದ ಸರಾಸರಿ 12 ಕಿಲೋಮೀಟರ್ ದೂರದಲ್ಲಿ ರಿಯಾಯಿತಿ ದರದ ಮನೆಗಳನ್ನು ಕೊಡಲಾಯಿತು. ಹದಿನಾಲ್ಕು ವರ್ಷಗಳ ಬಳಿಕ ಸಂಶೋಧಕರು ಹೋಗಿ ನೋಡಿದಾಗ, ಲಾಟರಿಯಲ್ಲಿ ಗೆದ್ದವರಲ್ಲಿ ಶೇ 34ರಷ್ಟು ಜನ ಆ ಮನೆಗೆ ಕಾಲೇ ಇಟ್ಟಿರಲಿಲ್ಲ. ಇನ್ನೂ ಶೇ 32ರಷ್ಟು ಜನ ಹೋಗಿ ಬಿಟ್ಟು ಬಂದಿದ್ದರು. ಉಳಿದವರಿಗೆ ಮನೆ ಉತ್ತಮವಾಗಿತ್ತು, ಆದರೆ ಗೆಲ್ಲದವರಿಗೆ ಹೋಲಿಸಿದರೆ ವರಮಾನವೂ ಹೆಚ್ಚಿರಲಿಲ್ಲ, ಮಕ್ಕಳ ಸ್ಥಿತಿಯೂ ಬದಲಾಗಿರಲಿಲ್ಲ. ಕಷ್ಟಕಾಲಕ್ಕೆ ಆಗುತ್ತಿದ್ದ ಬಂಧುಬಳಗ ಮಾತ್ರ ದೂರವಾಗಿತ್ತು.

ಬಾಡಿಗೆ ಅಗ್ಗವೆಂಬ ಊಹೆಯೂ ಸರಿಯಲ್ಲ. ನೈರೋಬಿಯ ಕೊಳೆಗೇರಿಗಳಲ್ಲಿ ಬಹುತೇಕರು ಬಾಡಿಗೆದಾರರೇ. ಹತ್ತಡಿ ಉದ್ದ, ಹತ್ತಡಿ ಅಗಲದ ತಗಡಿನ ಕೋಣೆಗಳನ್ನು ಸಾಲಾಗಿ ಕಟ್ಟಿ ಬಾಡಿಗೆಗೆ ಬಿಡುವವರು ಅಲ್ಲಿ ವಾಸಿಸುವುದು ಅಪರೂಪ. ಒಂದು ಚದರ ಅಡಿಯ ಲೆಕ್ಕ ಹಾಕಿದರೆ, ಸಿಗುವ ಸೌಕರ್ಯಕ್ಕೆ ಈ ಬಾಡಿಗೆ ಬಹಳ ದುಬಾರಿ. ನೀರಿನದೂ ಇದೇ ಕಥೆ. ಕೊಳಾಯಿ ಇರುವವರು ಪಾಲಿಕೆಯ ದರದಲ್ಲಿ ತಿಂಗಳ ಬಿಲ್ಲು ಕಟ್ಟಿದರೆ, ಕೊಳಾಯಿ ಇಲ್ಲದವರು ಮಾರಾಟಗಾರರಿಂದ ಕ್ಯಾನಿನ ಲೆಕ್ಕದಲ್ಲಿ ಕೊಂಡು, ಲೀಟರಿಗೆ ಅದರ ಹಲವು ಪಟ್ಟು ಹಣ ತೆರುತ್ತಾರೆ. ಬಡವರು ಪುಕ್ಕಟೆಯಾಗಿ ಬದುಕುತ್ತಿದ್ದಾರೆಂಬ ಮಾತನ್ನು ಹೇಳುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು.

ಪ್ರಶ್ನೆ: ಕೊಳೆಗೇರಿಯಲ್ಲಿ ಕಾಯಿಲೆಗಳು ಹೆಚ್ಚೆಂದು ಓದುತ್ತೇವೆ. ನೀರು, ಗಾಳಿ, ಇಕ್ಕಟ್ಟು, ಇವುಗಳಲ್ಲಿ ಯಾವುದು ಹೆಚ್ಚು ಹಾನಿ ಮಾಡುತ್ತದೆ? (ಆರೋಗ್ಯ ಕಾರ್ಯಕರ್ತೆ)

ಉತ್ತರ: ಇವನ್ನು ಬಿಡಿಬಿಡಿಯಾಗಿ ತೂಗುವುದು ಕಷ್ಟ, ಏಕೆಂದರೆ ಒಂದು ಇನ್ನೊಂದನ್ನು ಬೆಳೆಸುತ್ತದೆ. ಐದು ಜನರ ಕುಟುಂಬವೊಂದನ್ನು ಗಮನಕ್ಕೆ ತಂದುಕೊಳ್ಳಿ. ಒಬ್ಬರಿಗೆ ದಿನಕ್ಕೆ ಇಪ್ಪತ್ತೇ ಲೀಟರ್ ಎಂದರೂ ಇಪ್ಪತ್ತು ಲೀಟರಿನ ಐದು ಕ್ಯಾನುಗಳನ್ನು ಹೊರಬೇಕು. ಪ್ರತಿ ಕ್ಯಾನಿನ ಭಾರ ಇಪ್ಪತ್ತು ಕಿಲೋ. ಹೊರುವವರು ಹೆಚ್ಚಾಗಿ ಹೆಂಗಸರು ಮತ್ತು ಹೆಣ್ಣುಮಕ್ಕಳು. ಸರದಿಯಲ್ಲಿ ನಿಲ್ಲುವ ಹೊತ್ತು, ಕ್ಯಾನಿಗೆ ಕೊಡುವ ಕಾಸು, ಸೊಂಟದ ನೋವು, ಈ ಮೂರೂ ಸೇರಿ ಮನೆಯಲ್ಲಿ ನೀರನ್ನು ಹಿಡಿತದಲ್ಲಿ ಬಳಸುವಂತೆ ಮಾಡುತ್ತವೆ. ಮೊದಲು ಕಡಿತವಾಗುವುದು ಕೈತೊಳೆಯುವ ನೀರು. ಹೀಗಾಗಿ ನೀರು ಶುದ್ಧವಾಗಿದ್ದರೂ ಸಾಲದಾದಾಗ ಭೇದಿ ನಿಲ್ಲುವುದಿಲ್ಲ. ಕೊಳವೆ ಮಾರ್ಗ ಚರಂಡಿಯೊಳಗೇ ಹಾದುಹೋಗುವ ಕಡೆಗಳಲ್ಲಿ, ದಿನಕ್ಕೆ ಕೆಲವೇ ಗಂಟೆ ನೀರು ಬಿಟ್ಟು ನಿಲ್ಲಿಸಿದಾಗ ಒತ್ತಡ ಇಳಿದ ಕೊಳವೆ ತನ್ನ ಬಿರುಕುಗಳಿಂದ ಸುತ್ತಲ ಕೊಳಚೆಯನ್ನು ಒಳಗೆಳೆದುಕೊಳ್ಳುತ್ತದೆ. ಮರುದಿನ ನಲ್ಲಿಯಲ್ಲಿ ಮೊದಲು ಬರುವುದು ಅದೇ.

ಶೌಚಾಲಯದ ಮಾತು ಇನ್ನೂ ಕಠಿಣ. ಹತ್ತಾರು ಕುಟುಂಬಗಳಿಗೆ ಒಂದು ಗುಂಡಿ ಕಕ್ಕಸು ಇರುವಲ್ಲಿ ರಾತ್ರಿಯ ಹೊತ್ತು ಹೊರಗೆ ಹೋಗುವುದೆಂದರೆ ಹೆಂಗಸರಿಗೆ ಅಪಾಯ. ಕತ್ತಲಾದ ಮೇಲೆ ಹೋಗದಿರಲೆಂದು ಸಂಜೆಯಿಂದಲೇ ನೀರು ಕುಡಿಯುವುದನ್ನು ಬಿಡುವ ಹೆಂಗಸರ ಬಗ್ಗೆ ಅನೇಕ ದೇಶಗಳ ಸಮೀಕ್ಷೆಗಳು ಹೇಳುತ್ತವೆ. ಪ್ಲಾಸ್ಟಿಕ್ ಚೀಲದಲ್ಲಿ ಮಲವಿಸರ್ಜನೆ ಮಾಡಿ ಎಸೆಯುವ ಪದ್ಧತಿಯಿಂದಾಗಿ ಕಿಬೇರಾ ಜಗತ್ತಿಗೆಲ್ಲ ಕುಖ್ಯಾತವಾಯಿತು; ಅದನ್ನು ಅಸಹ್ಯದಿಂದ ವರ್ಣಿಸಿದವರಲ್ಲಿ ಕತ್ತಲಿನ ಭಯವನ್ನು ಪ್ರಸ್ತಾಪಿಸಿದವರು ಕಡಿಮೆ. ಗುಂಡಿ ತುಂಬಿದ ಮೇಲೆ ಅದನ್ನು ಖಾಲಿ ಮಾಡುವ ಪ್ರಶ್ನೆ ಬರುತ್ತದೆ. ಓಣಿ ಒಂದು ಮೀಟರಿನಷ್ಟೂ ಅಗಲವಿಲ್ಲದಿದ್ದರೆ ಹೀರುಯಂತ್ರದ ವಾಹನ ಒಳಗೆ ಬರಲಾರದು. ಆಗ ಮನುಷ್ಯರೇ ಬಕೆಟ್ಟಿನಲ್ಲಿ ತೋಡಿ ಹತ್ತಿರದ ಹೊಳೆಗೆ ಸುರಿಯುತ್ತಾರೆ, ಇಲ್ಲವೇ ಮಳೆಗಾಲಕ್ಕೆ ಕಾಯುತ್ತಾರೆ.

ಇದರ ಪರಿಣಾಮ ಮಕ್ಕಳಲ್ಲಿ ಕಾಣುತ್ತದೆ. ನಗರದ ಮಗು ಹಳ್ಳಿಯ ಮಗುವಿಗಿಂತ ಸುರಕ್ಷಿತವೆಂಬ ನಂಬಿಕೆ ಬಹುಕಾಲ ಇತ್ತು. ಆಫ್ರಿಕನ್ ಪಾಪ್ಯುಲೇಶನ್ ಅಂಡ್ ಹೆಲ್ತ್ ರಿಸರ್ಚ್ ಸೆಂಟರ್ ಎಂಬ ಸಂಶೋಧನಾ ಸಂಸ್ಥೆ 2002ರಲ್ಲಿ ಪ್ರಕಟಿಸಿದ ಸಮೀಕ್ಷೆ, ನೈರೋಬಿಯ ಕೊಳೆಗೇರಿಗಳಲ್ಲಿ ಐದು ವರ್ಷದೊಳಗಿನ ಮಕ್ಕಳ ಸಾವಿನ ಪ್ರಮಾಣ ಕೆನ್ಯಾದ ಹಳ್ಳಿಗಳಿಗಿಂತ ಹೆಚ್ಚಿದೆಯೆಂದು ತೋರಿಸಿತು. ಇಡೀ ನಗರದ ಸರಾಸರಿಯನ್ನು ಮಾತ್ರ ನೋಡುವವರಿಗೆ ಈ ಸಾವುಗಳು ಕಾಣುವುದಿಲ್ಲ, ಏಕೆಂದರೆ ಪಕ್ಕದ ಬಡಾವಣೆಯ ಆರೋಗ್ಯವಂತ ಮಕ್ಕಳು ಸಾವಿನ ಆ ಸರಾಸರಿಯನ್ನು ತಗ್ಗಿಸಿರುತ್ತಾರೆ.

ಆರೋಗ್ಯ ಕಾರ್ಯಕರ್ತೆಯರಿಗೆ ಕುತೂಹಲವೆನಿಸಬಹುದಾದ ಇನ್ನೊಂದು ಸಂಗತಿ ನೆಲದ್ದು, ಅಂದರೆ ಕಾಲಿನ ಕೆಳಗಿನ ನೆಲದ್ದು. ಮೆಕ್ಸಿಕೊದ ಕೊವಾಹಿಲಾ ರಾಜ್ಯದಲ್ಲಿ 2000ದಲ್ಲಿ ಆರಂಭವಾದ ಕಾರ್ಯಕ್ರಮವೊಂದು ಬಡವರ ಮನೆಗಳ ಮಣ್ಣಿನ ನೆಲಕ್ಕೆ ಸಿಮೆಂಟು ಹಾಕಿಸಿತು. ಅಷ್ಟೇ, ಗೋಡೆಯನ್ನೂ ಮುಟ್ಟಲಿಲ್ಲ, ಚಾವಣಿಯನ್ನೂ ಮುಟ್ಟಲಿಲ್ಲ. ಮಣ್ಣಿನ ನೆಲವೆಲ್ಲ ಸಿಮೆಂಟಾದ ಮನೆಗಳ ಮಕ್ಕಳಲ್ಲಿ ಹೊಟ್ಟೆಹುಳುವಿನಂಥ ಪರಾವಲಂಬಿ ಸೋಂಕು ಶೇ 78, ಭೇದಿ ಶೇ 49, ರಕ್ತಹೀನತೆ ಶೇ 81ರಷ್ಟು ತಗ್ಗಬಹುದೆಂದು ಆ ಬಗ್ಗೆ ನಡೆದ ಅಧ್ಯಯನ ಲೆಕ್ಕ ಹಾಕಿತು. ಮಾತು ಕಲಿಯುವ, ಗ್ರಹಿಸುವ ಶಕ್ತಿಯಲ್ಲೂ ಸುಧಾರಣೆ ಕಂಡಿತು. ಅಂಬೆಗಾಲಿಡುವ ಮಗುವಿನ ಕೈ ಮಣ್ಣಿನಿಂದ ನೇರ ಬಾಯಿಗೆ ಹೋಗುತ್ತದೆ ಎಂಬುದು ತಾಯಂದಿರಿಗೆಲ್ಲ ತಿಳಿದದ್ದೇ. ಅದರ ಬೆಲೆ ಇಷ್ಟೆಂದು ಅಳೆದು ತೋರಿಸಿದ್ದು ಈ ಅಧ್ಯಯನ.

ಇಕ್ಕಟ್ಟಿನ ಹಾನಿ ಎಷ್ಟೆಂಬುದು ಕೊರೊನಾ ಕಾಲದಲ್ಲಿ ಬಯಲಾಯಿತು. 2020ರ ಜುಲೈನಲ್ಲಿ ಮುಂಬಯಿಯ ಮೂರು ವಾರ್ಡುಗಳಲ್ಲಿ ನಡೆದ ರಕ್ತಪರೀಕ್ಷೆಯಲ್ಲಿ ಕೊಳೆಗೇರಿಯ ಶೇ 57ರಷ್ಟು ಜನರಲ್ಲಿ ಸೋಂಕು ತಗುಲಿದ ಗುರುತು ಸಿಕ್ಕಿದರೆ, ಅದೇ ವಾರ್ಡುಗಳ ಉಳಿದ ಮನೆಗಳಲ್ಲಿ ಅದು ಶೇ 16ರಷ್ಟಿತ್ತು. ಒಂದೇ ಕೋಣೆಯಲ್ಲಿ ಆರು ಜನ ಮಲಗುವವರಿಗೆ, ಒಂದೇ ಶೌಚಾಲಯಕ್ಕೆ ಸರದಿ ನಿಲ್ಲುವವರಿಗೆ ಅಂತರ ಕಾಯ್ದುಕೊಳ್ಳಿರೆಂದು ಹೇಳುವುದರಲ್ಲಿ ಅರ್ಥವಿರಲಿಲ್ಲ. ಬೇಸಿಗೆಯಲ್ಲಿ ತಗಡಿನ ಚಾವಣಿಯ ಕೆಳಗಿನ ಸೆಕೆ, ಸೀಮೆಎಣ್ಣೆ ಅಥವಾ ಕಟ್ಟಿಗೆಯ ಹೊಗೆ, ಹೊತ್ತಿಕೊಂಡರೆ ನಿಲ್ಲದ ಬೆಂಕಿ ಇವೂ ಈ ಪಟ್ಟಿಗೆ ಸೇರುತ್ತವೆ. ಕೇಪ್‌ಟೌನ್‌ನ ಇಮಿಜಾಮೊ ಯೆತು ಎಂಬಲ್ಲಿ 2017ರ ಮಾರ್ಚ್‌ನಲ್ಲಿ ಒಂದೇ ಬೆಂಕಿಗೆ 2,000ಕ್ಕೂ ಹೆಚ್ಚು ಗುಡಿಸಲುಗಳು ಬೂದಿಯಾದವು. ಅಲ್ಲಿನ ಅನೇಕ ವಸತಿಗಳು ಈಗ ಗುಡಿಸಲುಗಳನ್ನು ತಾವೇ ಸರಿಸಿ, ನಡುವೆ ಬೆಂಕಿನಂದಿಸುವ ವಾಹನ ನುಗ್ಗುವಷ್ಟು ದಾರಿ ಬಿಟ್ಟುಕೊಳ್ಳುತ್ತಿವೆ.

ಪ್ರಶ್ನೆ: ಸರ್ಕಾರವನ್ನೇ ದೂರುವುದು ಏಕೆ? ಶುಚಿಯಾಗಿರುವ ಅಭ್ಯಾಸ ಅಲ್ಲಿನ ಜನರಿಗೇ ಇಲ್ಲವಲ್ಲ? (ವ್ಯಾಪಾರಿ)

ಉತ್ತರ: ಈ ಪ್ರಶ್ನೆಗೆ ಉತ್ತರ ಕರಾಚಿಯ ಓರಂಗಿಯಲ್ಲಿದೆ. ಅದು ದಕ್ಷಿಣ ಏಷ್ಯಾದ ಅತಿದೊಡ್ಡ ಅನಧಿಕೃತ ವಸತಿಗಳಲ್ಲಿ ಒಂದು. 1980ರಲ್ಲಿ ಸಮಾಜವಿಜ್ಞಾನಿ ಅಖ್ತರ್ ಹಮೀದ್ ಖಾನ್ ಅಲ್ಲಿ ಒಂದು ಪ್ರಾಯೋಗಿಕ ಯೋಜನೆಯನ್ನು ಆರಂಭಿಸಿದಾಗ, ಬಚ್ಚಲ ನೀರು ಓಣಿಯ ನಡುವೆಯೇ ಹರಿಯುತ್ತಿತ್ತು. ಅವರು ಜನರಿಗೆ ಶುಚಿತ್ವದ ಉಪದೇಶ ಮಾಡಲಿಲ್ಲ. ಏಕೆ ಚರಂಡಿ ಇಲ್ಲವೆಂದು ಕೇಳಿದರು. ಪಾಲಿಕೆ ಪುಕ್ಕಟೆಯಾಗಿ ಹಾಕಿಸಿಕೊಡುತ್ತದೆಂದು ಜನ ಕಾಯುತ್ತಿದ್ದರು, ಪಾಲಿಕೆಯ ಅಂದಾಜುಪಟ್ಟಿಯ ಮೊತ್ತ ಅವರಿಗೆ ಎಟುಕುವಂತಿರಲಿಲ್ಲ, ಒಟ್ಟಾಗಿ ಕೆಲಸ ಮಾಡಿಸುವವರು ಯಾರೂ ಇರಲಿಲ್ಲ.

ಯೋಜನೆಯವರು ಇಪ್ಪತ್ತು–ಮೂವತ್ತು ಮನೆಗಳ ಓಣಿಯೊಂದನ್ನೇ ಘಟಕವಾಗಿ ಹಿಡಿದರು. ಓಣಿಯವರು ತಮ್ಮಲ್ಲೇ ಒಬ್ಬರನ್ನು ಮೇಸ್ತ್ರಿಯಂತೆ ಆರಿಸಿಕೊಳ್ಳಬೇಕು, ಹಣವನ್ನು ತಾವೇ ಕೂಡಿಸಿ ತಾವೇ ಖರ್ಚು ಮಾಡಬೇಕು; ಯೋಜನೆಯವರು ಅಳತೆ, ನಕ್ಷೆ, ಅಂದಾಜು, ಎರಕದ ಅಚ್ಚು ಮತ್ತು ಸಲಹೆ ಕೊಡುವರೇ ಹೊರತು ಹಣವನ್ನು ಮುಟ್ಟುವುದಿಲ್ಲ. ಗುತ್ತಿಗೆದಾರರ ಲಾಭ, ಅಗತ್ಯ ಮೀರಿದ ಆಳ, ದುಬಾರಿ ವಿನ್ಯಾಸ ಇವೆಲ್ಲ ಕಳಚಿಹೋದಾಗ ವೆಚ್ಚ ಪಾಲಿಕೆಯ ಅಂದಾಜಿನ ಒಂದು ಸಣ್ಣ ಭಾಗಕ್ಕೆ ಇಳಿಯಿತು. ಮನೆಯ ಶೌಚಾಲಯ, ಓಣಿಯ ಕೊಳವೆ, ಅದು ಸೇರುವ ಉಪಕೊಳವೆ ಇವು ಜನರ ಹೊಣೆ; ದೊಡ್ಡ ಕಾಲುವೆ ಮತ್ತು ಶುದ್ಧೀಕರಣ ಘಟಕ ಸರ್ಕಾರದ ಹೊಣೆ. ಕಾಲಕ್ರಮದಲ್ಲಿ ಸುಮಾರು ಒಂದು ಲಕ್ಷ ಮನೆಗಳು ಹೀಗೆ ಚರಂಡಿ ಪಡೆದವು. ತಮ್ಮ ಪಾಲಿನದನ್ನು ಜನ ಮುಗಿಸಿದರು. ಸರ್ಕಾರದ ಪಾಲಿನ ಕೆಲಸ ಮಾತ್ರ ತೀರ ನಿಧಾನವಾಗಿ ನಡೆಯಿತು. ಯೋಜನೆಯನ್ನು ಮುಂದುವರಿಸಿ, ನಗರದ ನೆಲ ಮತ್ತು ಕಾಲುವೆಗಳ ನಕ್ಷೆ ತಯಾರಿಸುತ್ತಿದ್ದ ಪರ್ವೀನ್ ರೆಹಮಾನ್ ಅವರನ್ನು 2013ರ ಮಾರ್ಚ್ 13ರಂದು ಗುಂಡಿಕ್ಕಿ ಕೊಲ್ಲಲಾಯಿತು. ಬಡವರ ನೆಲದ ದಾಖಲೆ ಎಷ್ಟು ದೊಡ್ಡ ಹಿತಾಸಕ್ತಿಗಳನ್ನು ಕೆಣಕುತ್ತದೆಂಬುದು ಇದರಿಂದ ತಿಳಿಯುತ್ತದೆ.

ಬ್ರೆಜಿಲ್‌ನ ನಟಾಲ್ ನಗರದಲ್ಲೂ 1980ರ ದಶಕದ ಆರಂಭದಲ್ಲಿ ಇಂಥದೇ ಸರಳ ಒಳಚರಂಡಿ ರೂಪುಗೊಂಡಿತು. ರಸ್ತೆಯ ನಡುವೆ ಆಳಕ್ಕೆ ಅಗೆಯುವ ಬದಲು ಹಿತ್ತಲು ಮತ್ತು ಕಾಲುದಾರಿಗಳಲ್ಲಿ ಕಡಿಮೆ ಆಳದಲ್ಲಿ ಸಣ್ಣ ವ್ಯಾಸದ ಕೊಳವೆ ಹಾಕುವುದು ಅದರ ಸೂತ್ರ. ಮುಂದೆ ಅದನ್ನು ಬ್ರೆಸಿಲಿಯಾದ ಅನುಕೂಲಸ್ಥ ಬಡಾವಣೆಗಳೂ ಒಪ್ಪಿಕೊಂಡವು.

ಪ್ರಶ್ನೆ: ಸರ್ಕಾರಿ ಜಾಗದಲ್ಲಿ ಕಟ್ಟಿದ್ದನ್ನು ತೆರವುಗೊಳಿಸಿದರೆ ತಪ್ಪೇನು? ಕಾನೂನು ಎಲ್ಲರಿಗೂ ಒಂದೇ ಅಲ್ಲವೇ? (ಕಾನೂನು ವಿದ್ಯಾರ್ಥಿ)

ಉತ್ತರ: ಒಂದೇ ಆಗಿರಬೇಕೆಂದೇ ನ್ಯಾಯಾಲಯಗಳು ಇದನ್ನು ವಿಚಾರಿಸಿವೆ. ಮುಂಬಯಿಯ ಪಾದಚಾರಿ ಮಾರ್ಗದ ವಾಸಿಗಳನ್ನು 1981ರಲ್ಲಿ ಎಬ್ಬಿಸಲು ಹೊರಟಾಗ ಹೂಡಿದ ಓಲ್ಗಾ ಟೆಲ್ಲಿಸ್ ಪ್ರಕರಣದಲ್ಲಿ ಭಾರತದ ಸುಪ್ರೀಂ ಕೋರ್ಟ್ 1985ರಲ್ಲಿ ತೀರ್ಪು ನೀಡಿ, ಜೀವನೋಪಾಯದ ಹಕ್ಕು ಜೀವಿಸುವ ಹಕ್ಕಿನ ಭಾಗವೆಂದು ಘೋಷಿಸಿತು. ಆದರೆ ಆ ತೀರ್ಪನ್ನು ಉಲ್ಲೇಖಿಸುವವರು ಅದರ ಉತ್ತರಾರ್ಧವನ್ನು ಸಾಮಾನ್ಯವಾಗಿ ಮರೆಯುತ್ತಾರೆ: ತಕ್ಕ ನೋಟಿಸು ಕೊಟ್ಟು, ನ್ಯಾಯಯುತ ಕ್ರಮ ಅನುಸರಿಸಿ ತೆರವುಗೊಳಿಸಬಹುದೆಂದೂ ಅದು ಹೇಳಿತು. ದಕ್ಷಿಣ ಆಫ್ರಿಕಾದ ಸಂವಿಧಾನಿಕ ನ್ಯಾಯಾಲಯ 2000ದ ಗ್ರೂಟ್‌ಬೂಮ್ ತೀರ್ಪಿನಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ತಲೆಯ ಮೇಲೆ ಸೂರೇ ಇಲ್ಲದವರಿಗೆ ತುರ್ತು ಆಸರೆ ಒದಗಿಸದ ವಸತಿ ನೀತಿ ಸಮಂಜಸವಲ್ಲವೆಂದಿತು. ಮೊಕದ್ದಮೆಗೆ ತಮ್ಮ ಹೆಸರು ಕೊಟ್ಟ ಐರೀನ್ ಗ್ರೂಟ್‌ಬೂಮ್ 2008ರಲ್ಲಿ ತೀರಿಕೊಂಡಾಗಲೂ ಗುಡಿಸಲಿನಲ್ಲೇ ಇದ್ದರು.

ಸಾಮೂಹಿಕ ತೆರವು ಕೊಳೆಗೇರಿಯನ್ನು ಇಲ್ಲವಾಗಿಸುವುದಿಲ್ಲ, ಬೇರೆಡೆಗೆ ಸಾಗಿಸುತ್ತದೆ. ನೈಜೀರಿಯಾದ ಲಾಗೋಸ್ ನಗರದ ಮರೋಕೊ ಎಂಬ ಕೊಳೆಗೇರಿಯಿಂದ 1990ರ ಜುಲೈನಲ್ಲಿ ಸುಮಾರು ಮೂರು ಲಕ್ಷ ಜನರನ್ನು ಎಬ್ಬಿಸಲಾಯಿತು. ಅವರು ನಗರದ ಇತರ ತಗ್ಗುಪ್ರದೇಶಗಳನ್ನು ಸೇರಿಕೊಂಡರು, ಅವರಿದ್ದ ಜಾಗದ ಬೆಲೆ ಏರಿತು. ಜಿಂಬಾಬ್ವೆ 2005ರಲ್ಲಿ ಇಡೀ ದೇಶದಲ್ಲಿ ನಡೆಸಿದ ತೆರವು ಕಾರ್ಯಾಚರಣೆಯಲ್ಲಿ ಏಳು ಲಕ್ಷ ಜನ ಮನೆಯನ್ನೋ ದುಡಿಮೆಯನ್ನೋ, ಕೆಲವರು ಎರಡನ್ನೂ, ಕಳೆದುಕೊಂಡರೆಂದು ವಿಶ್ವಸಂಸ್ಥೆಯ ವಿಶೇಷ ಪ್ರತಿನಿಧಿಯಾಗಿದ್ದ ಆನಾ ಟಿಬೈಜುಕಾ ವರದಿ ಮಾಡಿದರು. ನಾಳೆ ಬುಲ್ಡೋಜರ್ ಬರಬಹುದೆಂಬ ಭಯವಿರುವಾಗ ಯಾರೂ ಇಟ್ಟಿಗೆಯ ಗೋಡೆ ಕಟ್ಟುವುದಿಲ್ಲ, ಪಾಲಿಕೆಯೂ ಕೊಳವೆ ಹಾಕುವುದಿಲ್ಲ. ಆಮೇಲೆ ಅದೇ ತಗಡನ್ನೂ ಅದೇ ಕೊಳಚೆಯನ್ನೂ ತೋರಿಸಿ ತೆರವಿಗೆ ಸಮರ್ಥನೆ ಕೊಡಲಾಗುತ್ತದೆ. ನಿಜಕ್ಕೂ ಯಾರೂ ವಾಸಿಸಬಾರದ ಜಾಗಗಳಿವೆ ಎಂಬುದನ್ನು ಮಾತ್ರ ಒಪ್ಪಬೇಕು. ಮನಿಲಾದ ಪಾಯತಾಸ್‌ನಲ್ಲಿ 2000ದ ಜುಲೈ 10ರಂದು ಮಳೆಗೆ ಕಸದ ಗುಡ್ಡ ಕುಸಿದು 200ಕ್ಕೂ ಹೆಚ್ಚು ಜನ ಸತ್ತರು. ಅಂಥ ಕಡೆಯಿಂದ ಜನರನ್ನು ಸ್ಥಳಾಂತರಿಸಲೇಬೇಕು; ಆದರೆ ಹೋಗುವ ಜಾಗ ಮೊದಲು ಸಿದ್ಧವಾಗಿರಬೇಕು.

ಪ್ರಶ್ನೆ: ಎಲ್ಲರಿಗೂ ಬಹುಮಹಡಿ ಕಟ್ಟಡದಲ್ಲಿ ಮನೆ ಕೊಟ್ಟರೆ ಸಮಸ್ಯೆ ಮುಗಿಯುವುದಿಲ್ಲವೇ? (ಸಿವಿಲ್ ಎಂಜಿನಿಯರ್)

ಉತ್ತರ: ಕಟ್ಟಡ ಹೇಗಿದೆ ಎಂಬುದನ್ನು ಅವಲಂಬಿಸಿದೆ. ಮುಂಬಯಿಯ ಗೋವಂಡಿ–ಮಾನಖುರ್ದ್ ಭಾಗದ ಪುನರ್ವಸತಿ ಕಟ್ಟಡಗಳ ನಡುವಿನ ಅಂತರ ಕೆಲವೆಡೆ ಮೂರು ಮೀಟರಿನಷ್ಟೇ. ಕೆಳಗಿನ ಮಹಡಿಗಳಿಗೆ ಬಿಸಿಲೂ ಇಲ್ಲ, ಗಾಳಿಯೂ ಇಲ್ಲ. ಗಾಳಿಬೆಳಕು ಕಡಿಮೆಯಿರುವ ಈ ಮನೆಗಳಲ್ಲಿ ಕ್ಷಯರೋಗ ಹೆಚ್ಚಾಗಿರುವುದನ್ನು ಅಲ್ಲಿ ಅಧ್ಯಯನ ನಡೆಸಿದ ವೈದ್ಯರು ಮತ್ತು ಸಂಶೋಧಕರು ಗುರುತಿಸಿದ್ದಾರೆ. ಕಾಗದದ ಮೇಲೆ ಇವರೆಲ್ಲ ಕೊಳೆಗೇರಿಯಿಂದ ಹೊರಬಂದವರು. ಲಿಫ್ಟ್ ಕೆಟ್ಟರೆ ದುರಸ್ತಿ ಮಾಡಿಸುವ ಹಣ, ನೀರು ಮೇಲೇರಿಸುವ ಪಂಪಿನ ವಿದ್ಯುತ್ ಬಿಲ್ಲು, ಅಂಗಳವೇ ಇಲ್ಲದಿರುವಾಗ ಹಪ್ಪಳವನ್ನೋ ಮಡಕೆಯನ್ನೋ ಒಣಗಿಸುವ ಜಾಗ, ಇವನ್ನು ನಕ್ಷೆ ಬರೆಯುವ ಹಂತದಲ್ಲೇ ಯೋಚಿಸಬೇಕು. ಎಂಜಿನಿಯರ್ ಆದ ನಿಮಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಇನ್ನೊಂದು ದಾರಿ ಥಾಯ್ಲೆಂಡಿನದು. 2003ರಲ್ಲಿ ಆರಂಭವಾದ ಬಾನ್ ಮಾನ್‌ಕಾಂಗ್ ಯೋಜನೆಯಲ್ಲಿ ಸರ್ಕಾರ ಮನೆ ಕಟ್ಟಿಕೊಡುವುದಿಲ್ಲ. ನಿವಾಸಿಗಳ ಸಹಕಾರ ಸಂಘಕ್ಕೆ ಸಾಲವನ್ನೂ ಮೂಲಸೌಕರ್ಯಕ್ಕೆ ಅನುದಾನವನ್ನೂ ಕೊಡುತ್ತದೆ. ಸಂಘವೇ ಜಾಗದ ಮಾಲೀಕನ ಜತೆ ಚೌಕಾಸಿ ಮಾಡಿ ಕೊಳ್ಳುತ್ತದೆ ಅಥವಾ ದೀರ್ಘಾವಧಿಯ ಗುತ್ತಿಗೆಗೆ ಪಡೆಯುತ್ತದೆ. ಕೆಲವೊಮ್ಮೆ ಜಾಗವನ್ನು ಹಂಚಿಕೊಂಡು, ರಸ್ತೆಗೆ ತಾಗಿದ ಭಾಗವನ್ನು ಮಾಲೀಕನಿಗೆ ಬಿಟ್ಟು ಹಿಂಭಾಗದಲ್ಲಿ ಒತ್ತೊತ್ತಾಗಿ ಮನೆ ಕಟ್ಟಿಕೊಳ್ಳುವುದೂ ಉಂಟು. ಒಂದು ಲಕ್ಷಕ್ಕೂ ಹೆಚ್ಚು ಕುಟುಂಬಗಳು ಇದರ ಫಲ ಪಡೆದಿವೆ. ಸಾಲದ ಕಂತು ಕಟ್ಟಲಾರದ ತೀರ ಬಡವರು ಇದರಲ್ಲಿ ಹಿಂದುಳಿಯುತ್ತಾರೆಂಬ ಟೀಕೆಯೂ ಇದೆ, ಅದರಲ್ಲಿ ಹುರುಳಿದೆ.

ಪ್ರಶ್ನೆ: ಶ್ರೀಮಂತ ದೇಶಗಳಲ್ಲಿ ಕೊಳೆಗೇರಿಗಳೇ ಇರಲಿಲ್ಲವೇ? (ಪ್ರೌಢಶಾಲಾ ಶಿಕ್ಷಕರು)

ಉತ್ತರ: ಇದ್ದವು, ಧಾರಾಳವಾಗಿ. ಹತ್ತೊಂಬತ್ತನೆಯ ಶತಮಾನದ ಲಂಡನ್, ಮ್ಯಾಂಚೆಸ್ಟರ್, ಗ್ಲಾಸ್ಗೊ, ನ್ಯೂಯಾರ್ಕ್‌ಗಳಲ್ಲಿ ಕಾಲರಾ ಮತ್ತು ಕ್ಷಯ ಸಾಲುಸಾಲಾಗಿ ಜನರನ್ನು ಕೊಂದವು. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿಯ ದುರ್ನಾತ ಸಂಸತ್ ಭವನದೊಳಕ್ಕೇ ನುಗ್ಗಿದ ಮೇಲೆ ಜೋಸೆಫ್ ಬೆಜಲ್ಜೆಟ್ ಅವರ ಒಳಚರಂಡಿ ಜಾಲಕ್ಕೆ ಹಣ ಮಂಜೂರಾಯಿತು. ನ್ಯೂಯಾರ್ಕ್ 1901ರ ಕಾಯಿದೆಯ ಮೂಲಕ ಹೊಸ ಬಾಡಿಗೆ ಕಟ್ಟಡಗಳಲ್ಲಿ ಕೋಣೆಕೋಣೆಗೂ ಕಿಟಕಿಯನ್ನೂ ಮನೆಮನೆಗೂ ಶೌಚಾಲಯವನ್ನೂ ಕಡ್ಡಾಯಗೊಳಿಸಿತು. ಈಗಲೂ ಹಾಂಗ್‌ಕಾಂಗ್‌ನಂಥ ಸಿರಿವಂತ ನಗರದಲ್ಲಿ ಒಂದು ಮನೆಯನ್ನು ಹಲವು ಗೂಡುಗಳಾಗಿ ಸೀಳಿ ಬಾಡಿಗೆಗೆ ಬಿಡುತ್ತಾರೆ; ಕಟ್ಟಡ ಗಟ್ಟಿ, ನಲ್ಲಿಯಲ್ಲಿ ನೀರಿದೆ, ಆದರೆ ಕಾಲು ಚಾಚಲು ಜಾಗವಿಲ್ಲ.

ಪ್ರಶ್ನೆ: ಹಕ್ಕುಪತ್ರ ಕೊಟ್ಟುಬಿಟ್ಟರೆ ಅವರೇ ಬ್ಯಾಂಕಿನಲ್ಲಿ ಸಾಲ ಮಾಡಿ ಮುಂದೆ ಬರುತ್ತಾರೆ ಎನ್ನುತ್ತಾರಲ್ಲ, ಅದು ನಿಜವೇ? (ಗೃಹಿಣಿ)

ಉತ್ತರ: ಅರ್ಧ ನಿಜ. ಪೆರು ದೇಶ 1996ರಿಂದ ಕೆಲವೇ ವರ್ಷಗಳಲ್ಲಿ ನಗರದ ಬಡವರಿಗೆ ಹನ್ನೆರಡು ಲಕ್ಷ ಹಕ್ಕುಪತ್ರಗಳನ್ನು ಹಂಚಿತು. ಅರ್ಥಶಾಸ್ತ್ರಜ್ಞರು ನಿರೀಕ್ಷಿಸಿದಷ್ಟು ಬ್ಯಾಂಕ್ ಸಾಲ ಹರಿದು ಬರಲಿಲ್ಲ. ಬದಲಿಗೆ ಬೇರೆಯೇ ಒಂದು ಫಲ ಕಾಣಿಸಿತು. ಜಾಗವನ್ನು ಯಾರಾದರೂ ಆಕ್ರಮಿಸಿಯಾರೆಂದು ಮನೆ ಕಾಯುತ್ತಾ ಕೂರುತ್ತಿದ್ದವರು ಹೊರಗೆ ದುಡಿಯಲು ಹೋಗತೊಡಗಿದರು. ಬ್ಯೂನಸ್ ಐರಿಸ್ ಹೊರವಲಯದ ಒಂದು ಅನಧಿಕೃತ ವಸತಿಯಲ್ಲಿ, ಕೆಲವು ಮೂಲ ಮಾಲೀಕರು ಸರ್ಕಾರದ ಪರಿಹಾರವನ್ನು ಒಪ್ಪಿದ್ದರಿಂದಲೂ ಕೆಲವರು ಕೋರ್ಟಿಗೆ ಹೋದದ್ದರಿಂದಲೂ, ಅಕ್ಕಪಕ್ಕದ ಮನೆಗಳಲ್ಲೇ ಕೆಲವರಿಗೆ ಹಕ್ಕುಪತ್ರ ಸಿಕ್ಕಿ ಕೆಲವರಿಗೆ ಸಿಗದೆ ಹೋಯಿತು. ಸಿಕ್ಕವರ ಗೋಡೆ, ಚಾವಣಿ ಗಟ್ಟಿಯಾದವು, ಮಕ್ಕಳು ಹೆಚ್ಚು ವರ್ಷ ಓದಿದರು. ಬ್ಯಾಂಕಿನ ಸಾಲ ಮಾತ್ರ ಅಲ್ಲೂ ಅಷ್ಟಕ್ಕಷ್ಟೇ.

ಹಕ್ಕುಪತ್ರದ ಬಗ್ಗೆ ಮಾತನಾಡುವಾಗ ಯಾರ ಹೆಸರಿಗೆ ಎಂದು ಕೇಳುವುದನ್ನು ಮರೆಯಬಾರದು. ಗಂಡನೊಬ್ಬನ ಹೆಸರಿಗಾದರೆ ಹೆಂಡತಿಯ ಸ್ಥಿತಿ ಬದಲಾಗುವುದಿಲ್ಲ. ಬಾಡಿಗೆದಾರರೇ ತುಂಬಿರುವ ಕಡೆ ಕೋಣೆ ಕಟ್ಟಿಸಿದವರಿಗೆ ಹಕ್ಕುಪತ್ರ ಕೊಟ್ಟರೆ ಬಾಡಿಗೆ ಏರಿ, ಇದ್ದವರೇ ಜಾಗ ಖಾಲಿ ಮಾಡಬೇಕಾಗುತ್ತದೆ.

ಪ್ರಶ್ನೆ: ಇಷ್ಟೆಲ್ಲ ಗೊತ್ತಿದ್ದೂ ಸರಿಯಾಗಿ ಕೆಲಸ ನಡೆದ ಈಚಿನ ಉದಾಹರಣೆ ಒಂದಾದರೂ ಇದೆಯೇ? (ಪಂಚಾಯಿತಿಯ ಮಾಜಿ ಸದಸ್ಯೆ)

ಉತ್ತರ: ನೈರೋಬಿಯ ಮುಕುರು ಎಂಬ ದೊಡ್ಡ ಕೊಳೆಗೇರಿಯನ್ನು ಗಮನಿಸಬಹುದು. ಅಲ್ಲಿನ ಸುಮಾರು ಒಂದು ಲಕ್ಷ ಕುಟುಂಬಗಳು ನೀರು, ವಿದ್ಯುತ್ತು, ಬಾಡಿಗೆಗಳಿಗೆ ಎಷ್ಟು ತೆರುತ್ತಿವೆ ಎಂಬುದನ್ನು ನಿವಾಸಿಗಳ ಒಕ್ಕೂಟ ಮತ್ತು ವಿಶ್ವವಿದ್ಯಾಲಯದ ಸಂಶೋಧಕರು ಸೇರಿ ದಾಖಲಿಸಿದ ಮೇಲೆ, ನಗರಾಡಳಿತ 2017ರ ಆಗಸ್ಟ್‌ನಲ್ಲಿ ಅದನ್ನು ವಿಶೇಷ ಯೋಜನಾ ಪ್ರದೇಶವೆಂದು ಘೋಷಿಸಿತು. ಸಾಮಾನ್ಯ ಬಡಾವಣೆಯ ರಸ್ತೆ ಅಗಲದ ನಿಯಮವನ್ನು ಅಲ್ಲಿಗೆ ಅನ್ವಯಿಸಿದರೆ ಲೆಕ್ಕವಿಲ್ಲದಷ್ಟು ಮನೆಗಳು ಹೋಗುತ್ತಿದ್ದವು; ಆದ್ದರಿಂದ ಆ ಜಾಗಕ್ಕೆ ಹೊಂದುವ ಬೇರೆ ಅಳತೆಗಳನ್ನು ಬಳಸಲು ಈ ಘೋಷಣೆ ಅವಕಾಶ ಕೊಟ್ಟಿತು. ನೆರೆಹೊರೆಯ ಸಣ್ಣ ಗುಂಪುಗಳಿಂದ ಪ್ರತಿನಿಧಿಗಳನ್ನು ಆರಿಸಿ, ನಲವತ್ತಕ್ಕೂ ಹೆಚ್ಚು ಸಂಸ್ಥೆಗಳ ತಜ್ಞರೊಂದಿಗೆ ಕೂರಿಸಿ ನೀರು, ಆರೋಗ್ಯ, ವಸತಿ, ಶಿಕ್ಷಣಗಳ ಯೋಜನೆಯನ್ನು ಬರೆಯಲಾಯಿತು. ರಸ್ತೆ, ಚರಂಡಿ ಮತ್ತು ನೀರಿನ ಕೆಲಸಗಳು ಆರಂಭವೂ ಆದವು.

ಪೂರ್ತಿ ಯಶಸ್ಸು ಎನ್ನಲಾರೆ. ಮುಕುರುವಿನ ನೆಲದ ಬಹುಭಾಗ ದಶಕಗಳ ಹಿಂದೆಯೇ ಕಾಗದಪತ್ರಗಳಲ್ಲಿ ಖಾಸಗಿಯವರ ಹೆಸರಿಗೆ ಹೋಗಿದೆ, ಆ ವ್ಯಾಜ್ಯ ಯೋಜನೆಯಿಂದ ಬಗೆಹರಿಯಲಿಲ್ಲ. 2021ರ ಕೊನೆಯಲ್ಲಿ ರಸ್ತೆಯೊಂದನ್ನು ನಿರ್ಮಿಸಲೆಂದು ಮುಕುರುವಿನದೇ ಭಾಗವಾದ ಕ್ವಾ ನ್ಜೆಂಗಾದಲ್ಲಿ ಸಾವಿರಾರು ಮನೆಗಳನ್ನು ಕೆಡವಲಾಯಿತು, ಯೋಜನಾ ಸಭೆಗಳಲ್ಲಿ ಕೂತಿದ್ದ ಕುಟುಂಬಗಳವೂ ಅದರಲ್ಲಿ ಇದ್ದಿರಬಹುದು. ನಾನು ಆ ಯೋಜನೆಯನ್ನು ಉದಾಹರಣೆಯಾಗಿ ಕೊಡುವುದು ಅದರ ವಿಧಾನಕ್ಕಾಗಿ. ನೆಲದ ಒಡೆತನವನ್ನು ಇತ್ಯರ್ಥಪಡಿಸುವ ಕೆಲಸ ಅಲ್ಲಿ ಇನ್ನೂ ಬಾಕಿಯಿದೆ.